ನಾಲ್ಕನೇ ಮನವಿಯ ಫೋಟೋ

ಸ್ನೇಹಿತರೇ, ನಮ್ಮೂರಿನ ಶುದ್ಧ ನೀರಿನ ಘಟಕ ರಿಪೇರಿ ಮಾಡಿಸಿ ಎಂದು ಇವತ್ತು ಬೆಳಿಗ್ಗೆ ಗ್ರಾಮ ಪಂಚಾಯ್ತಿ ಅಧ್ಯಕ್ಷರಿಗೆ ನಾಲ್ಕನೇ ಸಲ ಮನವಿ ಕೊಟ್ಟೆವು. ಅದು ನಿಂತಾಗಿನಿಂದ ಕುಡಿಯುವ ನೀರಿಗೆ ಕ್ಯಾನ್ ಕಟ್ಟಿಕೊಂಡು ಪಕ್ಕದೂರು ದೊಡ್ಡೇರಿಗೆ ಹೋಗುತ್ತಿದ್ದೇವೆ.

ಮನವಿ ಕೊಡುವ ಕ್ರಮ ನಿಮಗೂ ಗೊತ್ತು. ಹಾಳೆಯ ಒಂದು ತುದಿ ನಾವು, ಇನ್ನೊಂದು ತುದಿ ಅವರು ಹಿಡಿದು ಎಲ್ಲರೂ ಮೊಬೈಲಿನತ್ತ ನೋಡುವುದು. ಆಮೇಲೆ ಹಾಳೆ ನೇರ ಫೈಲಿಗೆ. ಇವತ್ತು ನಾನು ಫೋಟೋ ತೆಗೆಯುವಷ್ಟರಲ್ಲಿ ನಮ್ಮ ಬೀದಿಯ ಗಂಗಮ್ಮಜ್ಜಿ ಹಾಳೆಯನ್ನು ಸರಕ್ಕನೆ ತಿರುಗಿಸಿಬಿಟ್ಟರು.

“ಅಜ್ಜಿ, ಅಕ್ಷರ ಈ ಕಡೆ ಇರ್ಲಿ, ಫೋಟೋದಲ್ಲಿ ಕಾಣ್ಬೇಕು” ಎಂದೆ.

“ಯಾಕ್ಲಾ, ನಿನ್ ಫೋನ್‌ಗೆ ನೀರು ಬೇಕಾ? ಅವ್ರು ಓದ್ಲಿ ಬುಡು.”

ಅಧ್ಯಕ್ಷರು ನಗುತ್ತಲೇ ಕನ್ನಡಕ ಹಾಕಿಕೊಂಡು ಓದಿದರು. ಓದುತ್ತಾ ನಗು ನಿಂತಿತು.

“ಕೆಟ್ಟಿರಾದು ಫಿಲ್ಟ್ರಾ? ಬೋರಲ್ಲಿ ನೀರು ಬತ್ತೋಗೈತೆ ಅಂದ್ಕಂಡಿದ್ದೆ ಕಣಜ್ಜಿ! ಹೊಸ ಬೋರು ಬೇಕು ಅಂತ ಮೇಲಕ್ಕೆ ಬರ್ದು ಕಾಯ್ತಾ ಕುಂತಿವ್ನಿ.”

ಅಲ್ಲೇ ಮಧುಗಿರಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ನಾಳೆ ಬರುತ್ತಾನಂತೆ.

ಮನೆಗೆ ಬಂದವನೇ ಕುತೂಹಲಕ್ಕೆ ಹಳೆಯ ಮೂರು ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಮೂರರಲ್ಲೂ ಮನವಿಯ ಅಕ್ಷರ ಅಕ್ಷರವೂ ಸ್ಪಷ್ಟವಾಗಿದೆ. ಅಧ್ಯಕ್ಷರ ಕಡೆಗಿರುವುದು ಮಾತ್ರ ಹಾಳೆಯ ಖಾಲಿ ಬೆನ್ನು. ಓದಿದವರು ನೀವು, ಲೈಕ್ ಒತ್ತಿದವರೂ ನೀವೇ.

ಇವತ್ತಿನ ಫೋಟೋ ಕೆಳಗಿದೆ. ನಿಮಗೆ ಬರೀ ಬಿಳಿ ಹಾಳೆ ಕಾಣುತ್ತದೆ, ದಯವಿಟ್ಟು ಸಹಕರಿಸಿ.