ಹೊಡೆಸಿಕೊಂಡವರ ಮುಖ

ನಮ್ಮ ಡ್ರಾಯಿಂಗ್ ಮಾಸ್ತರರಿಗೆ ಬಲಗಿವಿ ಅರ್ಧವೇ ಇತ್ತು. ಮೇಲಿನ ಭಾಗ ಕಿತ್ತುಹೋಗಿ, ಉಳಿದದ್ದು ಸುಟ್ಟ ರೊಟ್ಟಿಯ ಅಂಚಿನಂತೆ ಮುದುಡಿತ್ತು. ಸೀಮೆಸುಣ್ಣ ಸಿಕ್ಕಿಸಿಕೊಳ್ಳುವುದೇನಿದ್ದರೂ ಎಡಗಿವಿಗೆ. ಶಹಾಬಾದದ ನಮ್ಮ ಶಾಲೆಯಲ್ಲಿ ಆ ಕಿವಿಯ ಬಗ್ಗೆ ತರಹೇವಾರಿ ಕಥೆಗಳಿದ್ದವು: ನಾಯಿ ಹರಿಯಿತು, ಕಳ್ಳ ಕೊಯ್ದ, ಹೆಂಡತಿ ಕಚ್ಚಿದಳು. ಧೈರ್ಯ ಮಾಡಿ ಕೇಳಿದವರಿಗೆ ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಕಲ್ಲಿನ ಖಣಿಯ ಬಳಿ ಆಡುತ್ತಿದ್ದಾಗ ಸಿಡಿಮದ್ದು ಹಾರಿಸಿದರು. ಕಲ್ಲಿನ ಚಕ್ಕೆಯೊಂದು ಬಂದು ಇವರ ಕಿವಿ ಒಯ್ದಿತು, ಪಕ್ಕದಲ್ಲಿದ್ದ ಗೆಳೆಯನ ತಲೆ ಒಯ್ದಿತು. ಎರಡನೆಯ ಮಾತಿಗೆ ಅವರು ದನಿ ತಗ್ಗಿಸುತ್ತಿರಲಿಲ್ಲ, ಏರಿಸುತ್ತಲೂ ಇರಲಿಲ್ಲ. ಕೇಳಿಸಿಕೊಂಡವರು ಮತ್ತೆ ಆ ಕಿವಿಯ ಬಗ್ಗೆ ನಗೆಯಾಡಲಿಲ್ಲ.

ಆ ಶಾಲೆಯಲ್ಲಿ ಹೊಡೆದಾಟವೆಂದರೆ ಕಲ್ಲಿನದೇ. ಎಲ್ಲಿ ಕೈ ಹಾಕಿದರೂ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಚೂರು ಸಿಗುವ ಊರು. ಅದರ ಅಂಚು ಕತ್ತಿಯ ಹಾಗಿರುತ್ತದೆ. ಒಂದು ಮಧ್ಯಾಹ್ನ ನನ್ನ ಬೆಂಚಿನವನೇ ಅಂಥ ಚೂರಿನಿಂದ ನನ್ನ ಹುಬ್ಬು ಸೀಳಿದ. ಕಣ್ಣೊಳಗೆಲ್ಲ ರಕ್ತ. ಮಾಸ್ತರರು ಗಾಯ ತೊಳೆದು, ಅರಿಶಿನ ಒತ್ತಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಹೊಡೆದವನಿಗೆ ಒಂದೇಟೂ ಹಾಕಲಿಲ್ಲ. ಹಾಳೆ, ಪೆನ್ಸಿಲ್ಲು ಕೊಟ್ಟು, "ಇವನ ಮಾರಿ ಬರಿ" ಎಂದರು. ಅವನು ಮುಖ ಬಿಟ್ಟು ಗಾಯವನ್ನಷ್ಟೇ ಬರೆದ. "ಗಾಯ ಅಲ್ಲಲೇ, ಮಾರಿ. ಕಣ್ಣು ನೋಡಿ ಬರಿ." ಅವನು ನನ್ನ ಕಣ್ಣು ನೋಡಿದ, ಬಗ್ಗಿದ, ಮತ್ತೆ ನೋಡಿದ. ಸ್ವಲ್ಪ ಹೊತ್ತಿಗೆ ಹಾಳೆಯ ಮೇಲೆಯೇ ವಾಂತಿ ಮಾಡಿಕೊಂಡ. ನನಗಾಗ ಭಾರಿ ಖುಷಿ. ಮಾಸ್ತರರು ಮಾಡಿದ್ದೇನೆಂದು ತಿಳಿಯಲು ನಾನು ಒಂದು ಹೆಣ್ಣುಮಗುವಿನ ತಂದೆಯಾಗಬೇಕಾಯಿತು.

ನಾನು ಹಮಾಲಿ ಮಾಡಿ ಮೇಲೆ ಬಂದವನು. ಲಾರಿಗೆ ಫರಸಿ ತುಂಬುತ್ತಿದ್ದವನಿಗೆ ಈಗ ವಾಡಿ ರಸ್ತೆಯಲ್ಲಿ ಸ್ವಂತದ ಪಾಲಿಶ್ ಅಂಗಳವಿದೆ. ಕಲ್ಲು ಕೊಳ್ಳುವವರಿಗೆ ಒಂದು ಮಾತು ಪುಕ್ಕಟೆ ಹೇಳುತ್ತೇನೆ: ಅಟ್ಟಿಯ ಮೇಲಿನ ಕಲ್ಲು ನೋಡಿ ಬೆಲೆ ಮಾಡಬೇಡಿ. ಅದನ್ನು ಮಾರುವವನು ಆರಿಸಿಯೇ ಇಟ್ಟಿರುತ್ತಾನೆ. ನಡುವಿನಿಂದ ಒಂದನ್ನು ಎಳೆಸಿ, ಬೆರಳಿನ ಗೆಣ್ಣಿನಿಂದ ಬಡಿಯಿರಿ. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಸೀಳು. ಈ ಬುದ್ಧಿ ನನಗೆ ಕಲ್ಲಿನ ವಿಷಯದಲ್ಲಷ್ಟೇ ಇತ್ತು.

ಮಗಳು ಆಗ ಆರನೆಯ ತರಗತಿ. ಬೇಸಿಗೆ ರಜೆಗೆ ಸುಲೇಪೇಟದ ಸೋದರತ್ತೆಯ ಮನೆಗೆ ಹೋದವಳು ಜಪಾನಿನ ಕಾರ್ಟೂನುಗಳ ಹುಚ್ಚು ಹಿಡಿಸಿಕೊಂಡು ಬಂದಳು. ಅನಿಮೆ ಅನ್ನಬೇಕು ಎಂದು ತಿದ್ದುತ್ತಿದ್ದಳು, ನಮಗೆ ಕಾರ್ಟೂನೇ. ಕಾರ್ಟೂನೆಂದರೆ ಮಕ್ಕಳದು, ಅದರಲ್ಲಿ ದೊಡ್ಡವರು ನೋಡುವುದೇನಿದೆ ಎಂದು ಫೋನು ಅವಳ ಕೈಗೆ ಕೊಟ್ಟು ನಮ್ಮ ಕೆಲಸಕ್ಕೆ ಹೋಗುತ್ತಿದ್ದೆವು. ಹೀಗಿರುವಾಗ ಚಿಂಚೋಳಿಯ ಗಿರಾಕಿಯೊಬ್ಬರು ಹೊಸ ಮನೆಗೆ ಹಾಸುಗಲ್ಲು ನೋಡಲು ತಾಯಿಯನ್ನು ಕರೆದುಕೊಂಡು ಬಂದರು. ಗೋಡೆಗೆ ಒರಗಿಸಿದ್ದ ದೊಡ್ಡ ಕಲ್ಲನ್ನು ಹಮಾಲ ತಿರುಗಿಸಿದ. ಕಲ್ಲಿನ ತುಂಬ ಮಗಳು ಆ ಕಾರ್ಟೂನು ನೋಡಿ ಬಣ್ಣದ ಸೀಮೆಸುಣ್ಣದಲ್ಲಿ ಬರೆದ ಚಿತ್ರ. ನಟ್ಟನಡುವೆ ಕಡಿದ ತಲೆ, ಕೆಳಗೆ ಕೆಂಪು ಮಡುವು. ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡರು. "ರುಂಡ ತುಳಕೋತ ಮನಿ ಹೊಗ್ಲಿಕ್ಕೆ ಬಂದೀವೇನಪಾ ನಾವು?" ಎಂದವರು ಮಗನನ್ನು ಎಳೆದುಕೊಂಡು ಹೊರಟೇಬಿಟ್ಟರು.

ಗಿರಾಕಿ ಹೋದರೆ ಇನ್ನೊಬ್ಬರು ಬರುತ್ತಾರೆ. ನನ್ನ ಹೆದರಿಕೆ ಬೇರೆಯಿತ್ತು. ದಿನಾ ಇಷ್ಟು ರಕ್ತ ನೋಡಿ ನೋಡಿ ಮಗಳ ಎದೆಯೇ ಕಲ್ಲಾಗಿಬಿಟ್ಟರೆ? ನಮ್ಮತ್ತೆ ತಾಯಿತ ಕಟ್ಟಿಸಬೇಕೆಂದರು. ನಾನು ಫೋನು ಕಸಿದುಕೊಂಡು, ಕಲಬುರಗಿಯ ಹಾಸ್ಟೆಲ್ಲಿಗೆ ಹಾಕುವುದೆಂದು ಮಾತಾಡಿ ಬಂದೆ. ಅವಳು ಅಳಲಿಲ್ಲ, ಬೇಡವೆನ್ನಲೂ ಇಲ್ಲ. ಅಳದಿದ್ದದ್ದೇ ನನ್ನನ್ನು ಇನ್ನಷ್ಟು ಹೆದರಿಸಿತು.

ನಿವೃತ್ತರಾದ ಮಾಸ್ತರರು ಬೆಳಿಗ್ಗೆ ಸೈಕಲ್ ತುಳಿದುಕೊಂಡು ಚಹಕ್ಕೆ ನನ್ನ ಅಂಗಳಕ್ಕೆ ಬರುತ್ತಿದ್ದರು. ಹಾಗೆ ಬಂದ ಒಂದು ದಿನ ಆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು.

"ರಕ್ತ ಒಂದೇ ಎಳೀಲಿ ಮುಗಿಸ್ಯಾಳ," ಎಂದರು. "ಈ ತಾಯಿ ಮಾರಿ ನೋಡು, ಅಳಿಸಿ ಅಳಿಸಿ ಬರದಾಳ. ಕಲ್ಲು ಸವದು ಬೆಳ್ಳಗಾಗ್ಯದ."

ರುಂಡವನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಹೆಂಗಸು ಕುಳಿತಿದ್ದಾಳೆ ಎಂಬುದು ನನಗೆ ಕಂಡದ್ದೇ ಆಗ.

"ನೀ ಆ ಕಾರ್ಟೂನ್ ನೋಡಿದೇನು?"

"ಶುರುವಿಂದು ಜರಾ ನೋಡೀನ್ರಿ ಸರ್."

"ಅಟ್ಟಿ ಮ್ಯಾಲಿಂದು ನೋಡಿ ರೇಟ್ ಮಾಡಿದಿ. ಫರಸಿ ವ್ಯಾಪಾರಿ ಹಂಗ ಮಾಡ್ತಾನೇನಲೇ? ನಡುವಿಂದು ಎಳಿ."

ಮಗಳನ್ನು ಕರೆದು, ಅಂಗಳದ ಆಫೀಸಿನಲ್ಲಿ ಮೂವರೂ ಕುಳಿತು ನಡುವಿನ ಕಂತೊಂದನ್ನು ಹಚ್ಚಿದೆವು. ರಾಕ್ಷಸರು ಊರಿಗೆ ನುಗ್ಗುತ್ತಾರೆ. ಬಾಗಿಲು ಮುರಿಯುತ್ತದೆ, ಹುಡುಗಿಯೊಬ್ಬಳ ತೋಳು ಹರಿದು ಬೀಳುತ್ತದೆ, ಮುದುಕನೊಬ್ಬನನ್ನು ಗೋಡೆಗೆ ಅಪ್ಪಳಿಸುತ್ತಾರೆ. ಬೆನ್ನು ಮುರಿದ ಸದ್ದಿಗೆ ನಾನೇ ಫೋನು ಮಗುಚಲು ಹೋದೆ. ಮಾಸ್ತರರು ಕೈ ಹಿಡಿದರು. ಆಮೇಲೆ ಯಾರೂ ಹೊಡೆಯಲಿಲ್ಲ. ಉಳಿದವರು ಸತ್ತವರನ್ನು ಹೂಳುತ್ತಿದ್ದರು. ತೋಳು ಹೋದವಳು ಒಂದೇ ಕೈಯಲ್ಲಿ ಹೆರಳು ಹಾಕಿಕೊಳ್ಳಲು ನೋಡಿ, ಆಗದೆ, ಬಾಚಣಿಗೆ ಬೀಸಿ ಎಸೆದಳು. ಪಕ್ಕಕ್ಕೆ ತಿರುಗಿದರೆ ನನ್ನ ಮಗಳು ಸದ್ದಿಲ್ಲದೆ ಅಳುತ್ತಿದ್ದಳು.

"ಹೊಡದಾಂವನ ಮಾರಿ ಎಲ್ಲಾರೂ ಬರೀತಾರ," ಎಂದರು ಮಾಸ್ತರರು. "ಹೊಡಿಸಿಕೊಂಡವ್ರ ಮಾರಿ ಬರದಾರೇನು, ಅದು ನೋಡು. ಬರದಾರಂದ್ರ ಕೂಸಿಗೆ ನೋವು ತಿಳೀತದ. ಇಲ್ಲಂದ್ರ ಬರೇ ಹೊಡಿಯೂದು ತಿಳೀತದ." ಹಾಗೆಂದು ಒಂದನೆಯ ತರಗತಿಯ ನನ್ನ ಮಗನಿಗೆ ಇದನ್ನು ತೋರಿಸಲು ಅವರು ಒಪ್ಪಲಿಲ್ಲ. ಖರೇ ಇದ್ದದ್ದೆಲ್ಲ ಎಲ್ಲ ವಯಸ್ಸಿಗೂ ಅಲ್ಲ ಎಂದರು.

ನಾನೇನು ಕಡಿಮೆ? ಫೋನು ಕಸಿದುಕೊಂಡ ಮೇಲೆ ಆ ರಕ್ತದ್ದರ ಬದಲಿಗೆಂದು ನಾನೇ ಆರಿಸಿ ಮಗಳಿಗೆ ಒಪ್ಪಿಗೆ ಕೊಟ್ಟಿದ್ದ ಇನ್ನೊಂದನ್ನು ಹಚ್ಚಿ ತೋರಿಸಿದೆ. ಶಾಲೆ ಮಕ್ಕಳ ನಗೆಯಾಟ, ಹನಿ ರಕ್ತವಿಲ್ಲ. ದಪ್ಪ ಹುಡುಗನೊಬ್ಬನನ್ನು ಎಲ್ಲರೂ ಒದೆಯುತ್ತಾರೆ, ಅವನು ಗೋಡೆಗೆ ಅಂಟುತ್ತಾನೆ, ಕಣ್ಣಿನ ಜಾಗದಲ್ಲಿ ಎರಡು ಗೀಟು. ಎಲ್ಲರೂ ನಗುತ್ತಾರೆ. ಮುಂದೆ ಹುಡುಗಿಯೊಬ್ಬಳನ್ನು ಮೆಟ್ಟಿಲ ಮೇಲಿಂದ ತಳ್ಳುತ್ತಾರೆ, ಲಂಗ ಹರಿಯುತ್ತದೆ, ಮತ್ತೆ ನಗು. ಮಾಸ್ತರರು ಚಿತ್ರವನ್ನು ಅಲ್ಲೇ ನಿಲ್ಲಿಸಿದರು.

"ಹುಡುಗಿ ಬಿದ್ದಾಗ ಈ ಚಿತ್ರ ಬರದಾಂವ ಎಲ್ಲಿ ನಿಂತಾನ ನೋಡು. ಎಬ್ಬಸಲಿಕ್ಕೆ ಬಂದಿಲ್ಲ, ಕೆಳಗ ಕುಂತು ಇಣಕಲಿಕ್ಕೆ ಬಂದಾನ. ಇದು ಬಂದ್."

"ನನಗೂ ಹೇಸಿಗಿ ಆಗ್ತಿತ್ತು ಮುತ್ಯಾ," ಎಂದಳು ಮಗಳು ಮಾಸ್ತರರಿಗೆ. "ಪಪ್ಪಾನೇ, ಇದು ಚಲೋ ಅದ, ಇದೇ ನೋಡು ಅಂತಿದ್ದ."

ನಾನು ಚಹ ಹೇಳಲು ಹೊರಗೆ ಹೋದೆ. ಹಾಸ್ಟೆಲ್ಲಿನ ಮಾತು ಅಲ್ಲಿಗೆ ಮುಗಿಯಿತು. ಒಬ್ಬಳೇ ನೋಡಬಾರದು ಎಂದು ನಾನು ಷರತ್ತು ಹಾಕಿದರೆ, ಜೊತೆಗೆ ಕುಳಿತವರು ನಡುವೆ ಬಾಯಿ ಹಾಕಬಾರದು ಎಂದು ಅವಳು ಹಾಕಿದಳು. ಚೌಕಾಶಿಯಲ್ಲಿ ನಾನು ಸೋತದ್ದು ಅಪರೂಪ.

ಮಕ್ಕಳು ಏನು ನೋಡಬಹುದೆಂದು ಮಾಸ್ತರರು ತೂಗಿ ಹೇಳುತ್ತಾರೆಂಬ ಸುದ್ದಿ ನಾನೇ ಹಬ್ಬಿಸಿದೆ. ಚಿತ್ತಾಪುರ, ವಾಡಿ, ಸೇಡಂ ಕಡೆಯ ತಂದೆತಾಯಿಗಳು ಭಾನುವಾರ ಮಕ್ಕಳನ್ನು, ಫೋನುಗಳನ್ನು ಹಿಡಿದುಕೊಂಡು ನನ್ನ ಅಂಗಳಕ್ಕೆ ಬರತೊಡಗಿದರು. ಪೂರಾ ಬಂದ್ ಮಾಡಿಸಿ ಎನ್ನುವವರಿಗೆ ಮಾಸ್ತರರು, ಹಬ್ಬಕ್ಕೆ ಕುರಿ ಕೊಯ್ಯುವಾಗ ಮಕ್ಕಳ ಕಣ್ಣು ಮುಚ್ಚುತ್ತೀರೇನು ಎಂದು ಕೇಳುತ್ತಿದ್ದರು. ಸೇಡಂನ ಔಷಧಿ ಅಂಗಡಿಯವರೊಬ್ಬರು, ಮಗ ನೋಡುವ ಸರಣಿಯನ್ನು ತಾವು ಟಿವಿಯಲ್ಲಿ ಹಿಂದಿಯಲ್ಲಿ ಪೂರ್ತಿ ನೋಡಿದ್ದಾಗಿಯೂ ಅದರಲ್ಲಿ ಏನೂ ಇಲ್ಲವೆಂದೂ ವಾದಿಸಿದರು. ಮಗ ಅದನ್ನೇ ಫೋನಿನಲ್ಲಿ ತೆಲುಗಿನಲ್ಲಿ ನೋಡುತ್ತಿದ್ದ. ಎರಡನ್ನೂ ಪಕ್ಕಪಕ್ಕ ಹಚ್ಚಿದರು. ಟಿವಿಯದ್ದರಲ್ಲಿ ಕತ್ತಿ ಎತ್ತಿದ್ದೇ ಚಿತ್ರ ಬೇರೆ ಕಡೆ ಹಾರುತ್ತಿತ್ತು. ಫೋನಿನಲ್ಲಿ ಹೊಟ್ಟೆ ಬಗೆದು ಕರುಳು ಈಚೆ ಬರುತ್ತಿತ್ತು. "ನೀವು ಸೋಸಿದ್ದು ಕುಡದೀರಿ," ಎಂದರು ಮಾಸ್ತರರು, "ಮಗಾ ಗಸಿ ಸುದ್ದಾ ಕುಡೀಲಿಕತ್ತಾನ." ಭಾಷೆ ಬೇರೆಯಾದರೆ ಮಾತಷ್ಟೇ ಬೇರೆ, ದೃಶ್ಯಗಳಿಗೆ ಹಾಕಿದ ಕತ್ತರಿ ಒಂದೇ ಎಂದು ತಿಳಿಯುವ ತಪ್ಪನ್ನು ನಮ್ಮ ಭಾಗದಲ್ಲಿ ಎಷ್ಟೋ ಜನ ಮಾಡುತ್ತಾರೆ. ನೀವು ಮಾಡಬೇಡಿ. ಮಗು ಯಾವ ಪರದೆಯಲ್ಲಿ, ಯಾವ ಭಾಷೆಯಲ್ಲಿ ನೋಡುತ್ತದೋ ಅದರಲ್ಲೇ ನೀವೂ ನೋಡಿ.

ಕಳೆದ ವರ್ಷ ಅಂಥದೇ ಒಂದು ಭಾನುವಾರ, ಅಂಗಳದ ಗೇಟಿನ ಎದುರು, ತಿರುವಿನಲ್ಲಿ ವಾಲಿದ ಲಾರಿಯ ಹಗ್ಗ ಹರಿದು ಕಲ್ಲುಗಳು ಮಾಸ್ತರರ ಸೈಕಲ್ಲಿನ ಮೇಲೆ ಜಾರಿದವು. ನಾವು ಓಡುವಷ್ಟರಲ್ಲಿ ಸೊಂಟದ ಕೆಳಗೆ ಏನೂ ಕಾಣುತ್ತಿರಲಿಲ್ಲ. ಕಲ್ಲಿನ ಸಂದಿನಿಂದ ರಕ್ತ ಧೂಳಿನಲ್ಲಿ ದಾರಿ ಹುಡುಕುತ್ತಿತ್ತು. ಬಾಯಲ್ಲೂ ರಕ್ತ, ಮಾತಾಡಲು ನೋಡಿದಾಗಲೆಲ್ಲ ಗುಳ್ಳೆ ಏಳುತ್ತಿತ್ತು. ಸುತ್ತ ಜನ ನೆರೆದಿದ್ದರು, ಎಲ್ಲರ ಕೈಯಲ್ಲೂ ಎತ್ತಿ ಹಿಡಿದ ಫೋನು.

ನಾನು ಕಿರುಚುತ್ತಿದ್ದೆ, ಯಾರ ಮೇಲೆಂದು ನನಗೇ ಗೊತ್ತಿಲ್ಲ. ಮಗಳು ಜನರನ್ನು ತಳ್ಳಿಕೊಂಡು ಒಳಗೆ ಬಂದಳು.

"ಕಾಕಾ, ಫೋನ್ ಇಳಸ್ರಿ," ಎಂದಳು ಎದುರಿನವನಿಗೆ. "ಕಲ್ಲು ಎತ್ತಲಿಕ್ಕೆ ಕೈ ಬೇಕಾಗ್ಯಾವ."

ಅವನು ಇಳಿಸಿದ. ಅವನ ಬದಿಯವನೂ ಇಳಿಸಿದ. ಕಲ್ಲು ಎತ್ತುವ ತನಕ ಅವಳು ಮಾಸ್ತರರ ತಲೆಯ ಬಳಿ ಕುಳಿತು, ಬಾಯಿ ಒರೆಸುತ್ತಾ, ಮೆತ್ತಗೆ ಏನೋ ಹೇಳುತ್ತಲೇ ಇದ್ದಳು. ಇವಳ ಎದೆ ಕಲ್ಲಾದೀತೆಂದು ನಾನು ಹೆದರಿದ್ದೆ. ಕಲಬುರಗಿಯ ಆಸ್ಪತ್ರೆ ಮುಟ್ಟುವ ಮೊದಲೇ ಮಾಸ್ತರರ ಜೀವ ಹೋಯಿತು.

ಮಣ್ಣು ಮಾಡಿ ಬರುವಷ್ಟರಲ್ಲಿ ಆ ವಿಡಿಯೊ ನನ್ನ ಫೋನಿಗೇ ಬಂದಿತ್ತು. ಕಳಿಸಿದವರಲ್ಲಿ ಮಕ್ಕಳಿಗೆ ಏನು ತೋರಿಸಬೇಕೆಂದು ಮಾಸ್ತರರನ್ನು ಕೇಳಲು ಬಂದಿದ್ದ ತಂದೆತಾಯಿಗಳೂ ಇದ್ದರು. ಕೈ ಮುಗಿದ ಚಿತ್ರ ಅಂಟಿಸಿ ಕಳಿಸಿದ್ದರು. ನಾನು ಒಬ್ಬೊಬ್ಬರಿಗೂ ಫೋನು ಹಚ್ಚಿದೆ. ಅಳಿಸಿರೆಂದು ಬೇಡಿದೆ, ಬೈದೆ, ಕೆಲವರಿಗೆ ಕಲ್ಲಿನ ದರದಲ್ಲಿ ರಿಯಾಯಿತಿ ಕೊಡುತ್ತೇನೆಂದೂ ಹೇಳಿದೆ. ಸೇಡಂನ ಔಷಧಿ ಅಂಗಡಿಯವರು ವಾದ ಮಾಡಲಿಲ್ಲ.

"ಅಳಸ್ತೀನ್ರಿ. ಆದ್ರ ಮಗಾ ಆಗ್ಲೇ ನೋಡಿಬಿಟ್ಟಾನ. ಮುಸುಕು ಹಾಕ್ಕೊಂಡು ಮಕ್ಕೊಂಡಾನಂತ. ಏನ್ ಮಾಡ್ಲಿ?"

ಮಾಸ್ತರರನ್ನು ಕೇಳಿ ಹೇಳುತ್ತೇನೆ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ.

"ಅಂಗಡಿ ಬಂದ್ ಮಾಡಿ ಮನಿಗಿ ಹೋಗ್ರಿ," ಎಂದೆ. "ಅವನ ಬಾಜೂಕ ಕುಂದ್ರಿ. ಅಂವ ಏನ್ ಕೇಳ್ತಾನ, ಖರೇ ಹೇಳ್ರಿ."

ಆಚೆ ಕಡೆಯಿಂದ ಶಟರು ಎಳೆದ ಸದ್ದು ಕೇಳಿದ ಮೇಲೆಯೇ ನಾನು ಫೋನಿಟ್ಟೆ.