ಎರಿಹಾಳದ ಹನ್ನೆರಡನೆಯ ಚೀಟಿ

ಸಲೋಮಿಗೆ ತನ್ನ ಅಕ್ಷರದ ಮೇಲೆ ಬಹಳ ಹೆಮ್ಮೆ. ಎರಿಹಾಳದ ಕನ್ನಡ ಶಾಲೆಯ ಶಿಕ್ಷಕಿ ಆಕೆ, ಊರಿಗೆಲ್ಲ 'ಅಕ್ಕಾರು'. ಹಲಗೆಯ ಮೇಲೆ ಆಕೆ ಬರೆದದ್ದನ್ನು ಅಳಿಸಲು ಮಕ್ಕಳು ಹಿಂದೆ ಮುಂದೆ ನೋಡುತ್ತಿದ್ದರು. ಊರಿನವರು ಮದುವೆಯ ಕರೆಯೋಲೆ ಬರೆಸಲು ಆಕೆಯ ಬಾಗಿಲಿಗೇ ಬರುತ್ತಿದ್ದರು. ಹೀಗಾಗಿ 1971ರ ಜನಗಣತಿಗೆ ಎರಿಹಾಳದ ಗಣತಿದಾರಳಾಗಿ ತನ್ನನ್ನು ನೇಮಿಸಿದ ಆದೇಶ ಬಂದಾಗ ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. ಬೇರೆ ಯಾರನ್ನಾದರೂ ನೇಮಿಸಿದ್ದರೆ ಆಗುತ್ತಿತ್ತು.

ಆಗ ಆಕೆಗೆ ಮೂವತ್ತೊಂಬತ್ತು ವರ್ಷ. ಮದುವೆಯಾಗಿರಲಿಲ್ಲ. ತಂದೆ ಯೋಹಾನಪ್ಪ ಅಣ್ಣಿಗೇರಿಯ ಕಡೆ ಹಳ್ಳಿಯಿಂದ ಹಳ್ಳಿಗೆ ಸೈಕಲ್ ತುಳಿದು ವೇದ, ಅಂದರೆ ಬೈಬಲ್ಲು, ಓದಿ ಹೇಳುತ್ತಿದ್ದ ಉಪದೇಶಿ. ಕಣ್ಣಿಗೆ ಪೊರೆ ಬಂದ ಮೇಲೆ ಸೈಕಲ್ ಮಾರಿ ಮಗಳ ಜೊತೆ ಎರಿಹಾಳಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಊರಿನಲ್ಲಿ ಕ್ರೈಸ್ತರ ಮನೆ ಅದೊಂದೇ. ಮೊರಬಕ್ಕೆ ನಡೆದು ಬಸ್ಸು ಹಿಡಿದರೆ ಮಾತ್ರ ದೇವಾಲಯ, ಅದೂ ತಿಂಗಳಿಗೊಮ್ಮೆ. ಉಳಿದ ಭಾನುವಾರಗಳಲ್ಲಿ ಮುದುಕ ಕಂಠಪಾಠವಾಗಿದ್ದ ಅಧ್ಯಾಯಗಳನ್ನು ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಹೇಳುತ್ತಿದ್ದ. ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು, ಸಾಕೆನಿಸಿದಾಗ ಹೋಗುತ್ತಿದ್ದರು.

ಆದೇಶವನ್ನು ಓದಿ ಹೇಳಿದಾಗ ಯೋಹಾನಪ್ಪ ಕೋಲನ್ನು ಗೋಡೆಗೆ ಒರಗಿಸಿ ಮಗಳ ದನಿಯ ಕಡೆ ತಿರುಗಿದ.

"ಮಂದಿ ಎಣಸೂದು ಸಣ್ಣ ಕೆಲಸಲ್ಲ, ಮಗಳ. ವೇದದಾಗ ಒಬ್ಬ ಅರಸ ತನ್ನ ಮಂದಿ ಎಣಿಸಿದ್ದಕ್ಕ ದೇವರು ಸಿಟ್ಟಾಗಿದ್ದ."

"ಎಣಿಸಿದ್ದಕ್ಕ ಅಲ್ಲಪ್ಪಾ. ನನ್ನ ಹಂತೇಕ ಎಷ್ಟು ಕತ್ತಿ ಅದಾವು ನೋಡೂಣು ಅಂತ ಎಣಿಸಿದ, ಅದಕ್ಕ ಸಿಟ್ಟಾದ."

ಮುದುಕ ನಕ್ಕ. "ಅದನ್ನ ಮರೀಬ್ಯಾಡ ಮತ್ತ. ಮಂದಿ ಸರಕಾರದ್ದಲ್ಲ, ನಿಂದೂ ಅಲ್ಲ. ಅಂವ ಮ್ಯಾಲಿಂದ ಒಬ್ಬೊಬ್ಬರನ್ನ ಹೆಸರು ಹಿಡದು ನೋಡಕೋತ ಕುಂತಾನ. ಅಂವ ನೋಡಿದ್ದನ್ನ ನೀ ಬರದ್ರ ಆತು."

ಮಾರ್ಚ್ ಹತ್ತರಂದು ಸಲೋಮಿ ಚೀಟಿಗಳ ಕಟ್ಟನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಹೊರಟಳು. ಆ ಸಲದ ಗಣತಿಯಲ್ಲಿ ತಲೆಗೊಂದು ಚೀಟಿ. ಮನೆಯಲ್ಲಿ ಹತ್ತು ಜನರಿದ್ದರೆ ಹತ್ತು ಚೀಟಿ. ಮನೆ ತೋರಿಸಲು ಪಂಚಾಯ್ತಿಯ ಜವಾನ ರಹಿಮಾನಸಾಬ ಜೊತೆಗಿದ್ದ. ಬಿಳಿಜೋಳದ ರಾಶಿಯ ದಿನಗಳು. ಹಗಲು ಮನೆಗಳಲ್ಲಿ ಯಾರೂ ಸಿಗುತ್ತಿರಲಿಲ್ಲ. ಸಲೋಮಿ ಕಣಗಳಿಗೇ ಹೋದಳು. ಹೊಟ್ಟು ಹಾರುವಲ್ಲಿ ಚೀಟಿಗಳನ್ನು ಮೊಣಕಾಲ ಕೆಳಗೆ ಒತ್ತಿ ಹಿಡಿದು ಬರೆದಳು. ಹಳ್ಳದ ಆಚೆ ಹತ್ತಿ ಬಿಡಿಸಲು ಬಂದು ಗುಡಿಸಲು ಹಾಕಿದ್ದವರನ್ನು ಹುಡುಕಿಕೊಂಡು ಹೋದಳು. ಅಲ್ಲಿ ಫಕೀರವ್ವ ಎಂಬವಳು ಹಡೆದು ಎರಡೇ ದಿನವಾಗಿತ್ತು.

"ಈ ಕೂಸಿಗೆ ಇನ್ನಾ ಹೆಸರ ಇಟ್ಟಿಲ್ರಿ ಅಕ್ಕಾರ. ಇದನ್ನೂ ಬರಕೋತೀರೇನು?"

"ಉಸಿರಾಡತೈತಿ ಹೌದಲ್ಲೋ? ಬರಕೋತೇನಿ."

ವಯಸ್ಸಿನ ಜಾಗದಲ್ಲಿ ಸೊನ್ನೆ ಬರೆಯುವಾಗ ಆಕೆಗೆ ತಡೆಯಲಾರದಷ್ಟು ಖುಷಿಯಾಯಿತು. ಆ ಸೊನ್ನೆಯನ್ನು ಅಗದಿ ದುಂಡಗೆ ಬರೆದಳು.

ಇಪ್ಪತ್ತನೆಯ ತಾರೀಖಿನ ಸುಮಾರಿಗೆ ಸರದಿ ಈರಬಸಪ್ಪನ ಮನೆಗೆ ಬಂತು. ಎರಿಹಾಳದಲ್ಲಿ ದೊಡ್ಡ ಜಮೀನು ಅವನದು. ಶಾಲಾ ಕಮಿಟಿಯ ಚೇರಮನ್ ಕೂಡ ಅವನೇ. ಪಡಸಾಲೆಯಲ್ಲಿ ಬಣ್ಣಬಣ್ಣದ ಬಟ್ಟೆತುಂಡುಗಳ ಕೌದಿ ಹಾಸಿ ಕೂರಿಸಿ ಚಹಾ ಕೊಟ್ಟ. ತಾನು, ಹೆಂಡತಿ, ತಾಯಿ ರೇವವ್ವ, ಇಬ್ಬರು ತಮ್ಮಂದಿರು, ಅವರ ಹೆಂಡಿರು, ಮಕ್ಕಳು ಎಂದು ಹೆಸರು ಹೇಳುತ್ತ ಹೋದ. ಹನ್ನೊಂದು ಚೀಟಿಗಳಾದವು. ಅಷ್ಟರಲ್ಲಿ ಕಿರಿಯ ಸೊಸೆ ಒಂದು ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಕೊಂಡು ಹಿತ್ತಲಿನ ದನದ ಕೊಟ್ಟಿಗೆಯ ಕಡೆ ಹೋದಳು. ಸಲೋಮಿ ಅದನ್ನು ನೋಡಿದಳು. ದನಗಳಿಗೆ ಯಾರೂ ತಾಟು ಮುಚ್ಚಿ ರೊಟ್ಟಿ ಒಯ್ಯುವುದಿಲ್ಲ ಎಂಬುದೂ ಆಕೆಗೆ ಹೊಳೆಯಿತು. ಆದರೂ ಬಾಯಿ ತೆರೆಯಲಿಲ್ಲ. ಚೀಲ ಕಟ್ಟಿಕೊಂಡು ಎದ್ದಳು.

ದಾರಿಯಲ್ಲಿ ರಹಿಮಾನಸಾಬ ಎಂದಿನಂತೆ ಮಾತಾಡಲಿಲ್ಲ. ಸಲೋಮಿಯೇ ಕೇಳಿದಳು. "ಹಿತ್ತಲದಾಗ ಯಾರದಾರ?"

ಅವನು ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ. "ಮಲ್ಲಕ್ಕ ಅಂತ್ರಿ. ಈರಬಸಪ್ಪನ ಅಕ್ಕ. ಮೈಮ್ಯಾಲೆ ಬಿಳಿ ಮಚ್ಚಿ ಎದ್ದು, ಬೆರಳು ಜೋಮು ಹಿಡದ್ವು. ಗಂಡನ ಮನ್ಯಾಗ ಹೊರಗ ಹಾಕಿದ್ರು. ದೂರದ ದವಾಖಾನ್ಯಾಗ ತೀರಕೊಂಡ್ಲು ಅಂತ ಬೀಗರಿಗೆಲ್ಲ ಹೇಳಿ ಎಂಟು ವರ್ಷ ಆತು. ಊರಿಗೆಲ್ಲಾ ಗೊತ್ತೈತ್ರಿ. ಗೊತ್ತಿಲ್ಲದವರು ನೀವೊಬ್ರ."

ಮನೆಗೆ ಬಂದ ಸಲೋಮಿ ಬುತ್ತಿಯ ಗಂಟನ್ನೂ ಬಿಚ್ಚಲಿಲ್ಲ. ನಾಲ್ಕು ವರ್ಷ ಆ ಮನೆಯ ಮಕ್ಕಳಿಗೆ ಅಕ್ಷರ ಕಲಿಸಿದ್ದಳು; ದೀಪಾವಳಿಗೆ ಅವರ ಮನೆಯಲ್ಲಿ ಹೋಳಿಗೆ ಉಂಡಿದ್ದಳು. ಒಂದು ಗೋಡೆಯ ಆಚೆ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಅದಕ್ಕಿಂತ ಚುಚ್ಚಿದ್ದು ಬೇರೆ: ತಾಟು ಕಂಡೂ ಹನ್ನೊಂದಕ್ಕೇ ಲೆಕ್ಕ ಮುಚ್ಚಿದ್ದು ತನ್ನದೇ ಕೈ. ಚೇರಮನ್ನರ ಚಹಾ ಕುಡಿದು ಮುಚ್ಚಿದ್ದು. ತಂದೆಗೆ ಎಲ್ಲ ಹೇಳಿದಳು. ಯೋಹಾನಪ್ಪ ಬುದ್ಧಿ ಹೇಳಲಿಲ್ಲ, ಬೈಯಲೂ ಇಲ್ಲ. "ನಾಳೆ ಹೋಗುಮುಂದ ನನ್ನ ಕೋಲು ತಗೊಂಡು ಹೋಗು, ಆ ಹಿತ್ತಲದಾಗ ನಾಯಿ ಅದಾವು," ಎಂದ.

ಬೆಳಗಾಗುತ್ತಲೇ ಆಕೆ ಈರಬಸಪ್ಪನ ಪಡಸಾಲೆಯ ಮುಂದೆ ನಿಂತಿದ್ದಳು.

"ಮತ್ಯಾಕ ಬಂದ್ರಿ ಅಕ್ಕಾರ? ನಿನ್ನೆ ಎಲ್ಲಾ ಬರಕೊಂಡ್ರಲ್ಲ?"

"ಒಬ್ಬರನ್ನ ಬಿಟ್ಟೇನ್ರಿ. ನಿಮ್ಮ ಅಕ್ಕನ್ನ."

ಈರಬಸಪ್ಪನ ಮುಖ ಕಪ್ಪಿಟ್ಟಿತು. "ಅಕಿ ಇಲ್ಲ. ತೀರಿ ಎಂಟು ವರ್ಷ ಆತು."

"ಹಂಗಾದ್ರ ಮುಚ್ಚಿದ ತಾಟು ಯಾರಿಗೆ ಹೋಗತೈತ್ರಿ?"

ಅವನು ಕೌದಿಯ ಮೇಲಿಂದ ಎದ್ದ. ಜೋರು ಮಾಡುತ್ತಾನೆಂದು ಸಲೋಮಿ ಕೋಲು ಬಿಗಿ ಹಿಡಿದಳು. ಆದರೆ ಅವನ ದನಿ ಇಳಿಯಿತು. "ಮುಂದಿನ ತಿಂಗಳ ಮಗಳ ಮದುವಿ ಐತ್ರಿ. ಮನ್ಯಾಗ ಈ ರೋಗ ಐತಿ ಅಂತ ಬೀಗರಿಗೆ ತಿಳದ್ರ ಮುರದು ಬೀಳತೈತಿ. ನೀವೂ ಹೆಣ್ಮಕ್ಕಳು, ತಿಳಕೋರಿ."

ಆ ಮಾತಿಗೆ ಸಲೋಮಿಯ ಮನಸ್ಸು ಕರಗಿತು. ಚೀಟಿಯನ್ನು ತೆಗೆದು ತೋರಿಸಿದಳು. "ಇದರಾಗ ರೋಗದ ಮಾತ ಇಲ್ಲ್ರಿ. ಹೊರಗ ಯಾರಿಗೂ ತೋರಸೂಹಂಗೂ ಇಲ್ಲ, ಕಾಯದೇನ ಹಂಗೈತಿ. ನನ್ನ ಬಾಯಿಂದ ಒಂದು ಅಕ್ಷರ ಹೋಗೂದಿಲ್ಲ. ಆದ್ರ ಇದ್ದಾಕಿನ್ನ ಇಲ್ಲ ಅಂತ ಬರಿಯಾಕ ನನ್ನ ಕೈಲೆ ಆಗೂದಿಲ್ಲ. ದೇವರು ಆ ಹಿತ್ತಲದಾಗೂ ನೋಡತಾನ್ರಿ. ಅಂವ ಎಣಿಸಿದಾಕಿನ್ನ ಬಿಡಾಕ ನಾ ಯಾರು?"

"ಸಾಲಿ ಕಮಿಟಿ ಚೇರಮನ್ ಯಾರು ಅನ್ನೂದು ನೆನಪೈತೇನು?"

"ಐತ್ರಿ. ನನ್ನ ಸಾಲಿ ಬಿಡಸೂದು ನಿಮ್ಮ ಕೈಯಾಗೈತಿ. ಈ ಚೀಟಿ ಬಿಡಸೂದು ನಿಮ್ಮ ಕೈಯಾಗಿಲ್ಲ."

ಒಳಬಾಗಿಲಲ್ಲಿ ಮುದುಕಿ ರೇವವ್ವ ಚೌಕಟ್ಟು ಹಿಡಿದು ನಿಂತಿದ್ದಳು. ಯಾವಾಗ ಬಂದಿದ್ದಳೋ ಯಾರೂ ನೋಡಿರಲಿಲ್ಲ.

"ಈರಬಸೂ, ಹಾದಿ ಬಿಡು. ಎಷ್ಟು ಮಕ್ಕಳು ಅನ್ನೂದು ಹಡದಾಕಿಗೆ ಗೊತ್ತಿರತೈತಿ. ಬರ್ರಿ ಅಕ್ಕಾರ."

ಕೊಟ್ಟಿಗೆಯ ಬದಿಗೆ ಒಂದೇ ಕಿಟಕಿಯ ಕೋಣೆ. ಒಳಗೆ ಮಲ್ಲಕ್ಕ ಬಟ್ಟೆಯ ತುಂಡುಗಳ ನಡುವೆ ಕುಳಿತಿದ್ದಳು. ಎದ್ದು ಗೋಡೆಗೆ ಸರಿದು ಸೆರಗು ಮುಖಕ್ಕೆಳೆದುಕೊಂಡಳು. ಸಲೋಮಿ ಬಾಗಿಲೊಳಗೆ ಬಂದು ನೆಲದ ಮೇಲೆ ಕುಳಿತಳು.

"ನಿಮ್ಮ ಹೆಸರೇನ್ರಿ?"

ಎಂಟು ವರ್ಷ ಯಾರೂ ಕೇಳಿರದ ಪ್ರಶ್ನೆ. ಮಲ್ಲಕ್ಕ ತಾಯಿಯ ಮುಖ ನೋಡಿದಳು. ರೇವವ್ವ ತಲೆಯಾಡಿಸಿದಳು.

"ಮಲ್ಲಕ್ಕ."

"ವಯಸ್ಸು?"

"ಅದನ್ನ ಎಣಸೂದು ಬಿಟ್ಟೇನ್ರಿ." ತಾಯಿ ಬರಗಾಲದ ವರ್ಷ, ಹಳ್ಳಕ್ಕೆ ನೆರೆ ಬಂದ ವರ್ಷ ಎಂದು ಲೆಕ್ಕ ಹಾಕಿ ಮೂವತ್ತೇಳು ಎಂದಳು.

ಧರ್ಮ ಕೇಳಿದಾಗ ಮಲ್ಲಕ್ಕ ಕೊರಳಿನಲ್ಲಿ ಲಿಂಗ ಕಟ್ಟಿದ್ದ ಶಿವದಾರ ಹಿಡಿದು ತೋರಿಸಿದಳು. "ಗಂಡ ಬಿಟ್ಟ, ತಮ್ಮ ಬಿಟ್ಟ. ಇದು ಬಿಟ್ಟಿಲ್ಲ." ಸಲೋಮಿ ಆಕೆ ಹೇಳಿದಂತೆಯೇ ಬರೆದಳು. ಓದು ಬರುತ್ತದೆಯೇ ಎಂದಾಗ ಮಲ್ಲಕ್ಕ ಮೊದಲ ಸಲ ಸೆರಗು ಸರಿಸಿದಳು. ನಾಲ್ಕನೆಯ ಇಯತ್ತೆ ಪಾಸಾಗಿದ್ದಳಂತೆ. ಬೆಲ್ಲ ಕಟ್ಟಿ ಬಂದ ಪೇಪರಿನ ತುಂಡು ಒಂದನ್ನೂ ಓದದೆ ಬಿಟ್ಟವಳಲ್ಲವಂತೆ.

"ಕೆಲಸ ಏನು ಮಾಡತೀರಿ?"

"ನನಗೆಲ್ಲಿ ಕೆಲಸ್ರಿ?"

"ಈ ಮನ್ಯಾಗಿನ ಕೌದಿ ಎಲ್ಲಾ ಹೊಲದಾಕಿ ಇಕಿನ," ಎಂದಳು ರೇವವ್ವ. ನಿನ್ನೆ ತಾನು ಕುಳಿತು ಚಹಾ ಕುಡಿದ ಕೌದಿ ಸಲೋಮಿಯ ನೆನಪಿಗೆ ಬಂತು. 'ಮನೆಯಲ್ಲಿ ಕೌದಿ ಹೊಲಿಯುವುದು' ಎಂದು ತನ್ನ ಅತ್ಯಂತ ಚೆಂದದ ಅಕ್ಷರದಲ್ಲಿ ಬರೆದು, ಓದಿ ಹೇಳಿದಳು.

"ಈ ಚೀಟಿ ಎಲ್ಲಿಗೆ ಹೋಗತೈತ್ರಿ?" ಮಲ್ಲಕ್ಕ ಕೇಳಿದಳು.

"ಧಾರವಾಡಕ್ಕ. ಅಲ್ಲಿಂದ ಬೆಂಗಳೂರು. ಲೆಕ್ಕ ದಿಲ್ಲಿಮಟ ಹೋಗತೈತಿ."

"ದಿಲ್ಲಿಗೆ? ನಾನು?" ಮಲ್ಲಕ್ಕ ನಕ್ಕಳು. ನಗು ಬಂದದ್ದಕ್ಕೆ ತಾನೇ ಗಾಬರಿಯಾದಂತೆ ಬಾಯಿ ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, "ನಾ ಇಲ್ಲಿರೂದು ನಿಮಗ ಯಾರು ಹೇಳಿದ್ರು?"

ಸಲೋಮಿ ರಹಿಮಾನಸಾಬನ ಹೆಸರೆತ್ತಲಿಲ್ಲ. ತಂದೆಯಿಂದ ಸಾವಿರ ಸಲ ಕೇಳಿದ್ದ ಒಂದು ಸಂಗತಿ ಹೇಳಿದಳು. "ನಮ್ಮ ವೇದದಾಗ ಒಬ್ಬ ಕೆಲಸದಾಕಿ ಬರತಾಳ್ರಿ. ಬಸುರಿ. ಒಡತಿ ಕಾಟ ತಾಳದ ಅಡವಿಗೆ ಓಡಿ ಹೋಗಿ ಒಂದು ಒರತಿ ಬಾಜೂಕ ಕುಂತಿದ್ಲು. ಊರಾಗಿನ ಮಂದಿ ಯಾರೂ ಹುಡಕಲಿಲ್ಲ. ದೇವರು ಹುಡಕಿದ, ಹೆಸರು ಹಿಡದು ಕರದ. ಆಕಿ ಆ ದೇವರಿಗೆ ತಾನ ಒಂದು ಹೆಸರು ಇಟ್ಲು. 'ನನ್ನ ನೋಡಾಂವ' ಅಂತ."

"ಕೆಲಸದಾಕಿ ದೇವರಿಗೆ ಹೆಸರಿಟ್ಲು?"

"ಇಟ್ಲು. ದೇವರು ಒಪ್ಪಕೊಂಡ."

ಮಲ್ಲಕ್ಕ ಸುತ್ತ ಬಿದ್ದಿದ್ದ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಮಡಚತೊಡಗಿದಳು. ಸಲೋಮಿ ಎದ್ದಾಗ, "ಚೀಟಿ ಕಳೀಬ್ಯಾಡ್ರಿ ಮತ್ತ," ಎಂದಳು.

ಏಪ್ರಿಲ್ ಮೊದಲ ಮೂರು ದಿನ ಗಣತಿದಾರರು ಮನೆಮನೆಗೆ ಮತ್ತೊಮ್ಮೆ ಹೋಗಿ, ನಡುವೆ ಹುಟ್ಟಿದವರು ಸತ್ತವರು ಇದ್ದರೆ ತಿದ್ದಬೇಕು. ಎರಡನೆಯ ತಾರೀಖು ಸಲೋಮಿ ಈರಬಸಪ್ಪನ ಬಾಗಿಲಿಗೆ ಹೋದಳು. ಅವನು ಕುಳಿತುಕೊಳ್ಳಲು ಹೇಳಲಿಲ್ಲ.

"ಈ ಮನ್ಯಾಗ ಎಷ್ಟು ಮಂದಿ ಅದಾರ್ರಿ?" ನಿಯಮದ ಪ್ರಕಾರ ಕೇಳಲೇಬೇಕಾದ ಪ್ರಶ್ನೆ.

ಈರಬಸಪ್ಪ ಹಿತ್ತಲಿನ ಕಡೆ ನೋಡಿದ. ಅಂಗಳದ ಬಿಸಿಲಿನಲ್ಲಿ ರೇವವ್ವ ಮಗಳ ತಲೆ ಬಾಚುತ್ತಿದ್ದಳು. ಕೋಣೆಯ ಬಾಗಿಲು ತೆರೆದೇ ಇತ್ತು.

"ಹನ್ನೆರಡು," ಎಂದ. ಆ ಒಂದು ಮಾತು ಹೇಳಿ ಒಳಗೆ ಹೋದ.

ಹಿಂದಿರುಗುವಾಗ ಸಲೋಮಿಗೆ ಹಾಡಬೇಕೆನಿಸಿತು. ದಾರಿಯಲ್ಲಿ ಹಾಡುವುದು ಶಾಲೆಯ ಅಕ್ಕಾರಿಗೆ ಶೋಭಿಸದೆಂದು ಸುಮ್ಮನಾದಳು. ತಂದೆಯ ಮುಂದೆ ಚೀಲ ಇಟ್ಟು, "ಆರುನೂರಾ ನಲವತ್ತಮೂರು, ಅಪ್ಪಾ. ಒಬ್ಬರನ್ನೂ ಬಿಟ್ಟಿಲ್ಲ," ಎಂದಳು. ಯೋಹಾನಪ್ಪ ತಡವರಿಸಿ ಚೀಟಿಗಳ ಕಟ್ಟಿನ ಮೇಲೆ ಕೈಯಿಟ್ಟು, ಮಗುವಿನ ತಲೆ ಮುಟ್ಟಿ ಆಶೀರ್ವದಿಸುವಂತೆ, ಆರುನೂರಾ ನಲವತ್ತಮೂರು ಜನರಿಗಾಗಿ ಪ್ರಾರ್ಥನೆ ಮಾಡಿದ. ಈರಬಸಪ್ಪನ ಹೆಸರನ್ನು ಎರಡು ಸಲ ಹೇಳಿದ.

ಮದುವೆ ಮುರಿಯಲಿಲ್ಲ. ಮಲ್ಲಕ್ಕ, ರೇವವ್ವರ ಒಪ್ಪಿಗೆ ಪಡೆದು ಸಲೋಮಿ ಬರೆದ ಕಾಗದಕ್ಕೆ ಕುಷ್ಠರೋಗದ ಆಸ್ಪತ್ರೆಯಿಂದ ಒಬ್ಬ ನೌಕರ ಸೈಕಲ್ ಮೇಲೆ ಬಂದು, ಗುಳಿಗೆ ತಪ್ಪದೆ ನುಂಗಿದರೆ ರೋಗ ನಿಲ್ಲುತ್ತದೆ, ಇನ್ನೊಬ್ಬರಿಗೆ ಹರಡುವುದೂ ಇಲ್ಲ ಎಂದು ಹೇಳಿದ. ಈರಬಸಪ್ಪ ದೂರದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಆದರೂ ತನ್ನ ಮಾತು ಮೀರಿ ನಡೆದ ಅಕ್ಕಾರನ್ನು ಅವನು ಊರಲ್ಲಿ ಉಳಿಸಿಕೊಳ್ಳಲಿಲ್ಲ. ಜೂನಿನಲ್ಲಿ ವರ್ಗದ ಆದೇಶ ಬಂತು: ಅಳ್ನಾವರ. ಗಣತಿಯಲ್ಲಿ ಚೆನ್ನಾಗಿ ದುಡಿದವರಿಗೆ ಕೊಟ್ಟ ಪದಕವೂ ಬೇರೆಯವರ ಪಾಲಾಯಿತು. ಅದಕ್ಕೆ ಸಲೋಮಿಗೆ ನೋವಾಗಲಿಲ್ಲವೆಂದರೆ ಸುಳ್ಳಾದೀತು. ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಸಾಮಾನು ಕಟ್ಟಿದಳು.

ಅಳ್ನಾವರದಲ್ಲಿ ಕಾಡಿನ ಅಂಚಿನ ಶಾಲೆ, ಬಾಜುವಿನಲ್ಲೇ ರೈಲಿನ ಸಪ್ಪಳ. ಯೋಹಾನಪ್ಪ ಅಲ್ಲಿಯೇ 1974ರಲ್ಲಿ ತೀರಿಕೊಂಡ. ಅದರ ಮರುವರ್ಷ ಚಳಿಗಾಲದ ಒಂದು ಭಾನುವಾರ, ದೇವಾಲಯದಿಂದ ಬಂದ ಸಲೋಮಿಗೆ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕುಳಿತಿರುವುದು ಕಂಡಿತು. ಕೈಬೆರಳು ಸೊಟ್ಟಗಿದ್ದವು, ಮುಖ ತಿಳಿಯಾಗಿತ್ತು. ಪಕ್ಕದಲ್ಲಿ ದೊಡ್ಡ ಗಂಟು, ಅದರ ಸಂದಿನಿಂದ ಹೊಸ ಕೌದಿಯೊಂದರ ಅಂಚು ಇಣುಕುತ್ತಿತ್ತು.

"ಗುರುತು ಸಿಗಲಿಲ್ಲೇನ್ರಿ ಅಕ್ಕಾರ? ದಿಲ್ಲಿಗೆ ಕಳಿಸಿದ್ರಿ, ಮರತ್ರಿ?"

ಮಲ್ಲಕ್ಕ! ಮೊರಬದಿಂದ ಬಸ್ಸು, ಹುಬ್ಬಳ್ಳಿಯಿಂದ ರೈಲು, ಒಬ್ಬಳೇ ಬಂದಿದ್ದಳು.

"ಒಬ್ಬರ ಹೆಂಗ ಬಂದ್ರಿ?"

"ಫಲಕ ಓದಕೋತ ಬಂದೆ. ಈರಬಸೂ ತಾನ ಚಕ್ಕಡಿ ಹೂಡಿ ಮೊರಬಕ್ಕ ಬಿಟ್ಟ. ಬಸ್ಸಿನ್ಯಾಗ ಒಬ್ಬಾಕಿ ನನ್ನ ಕೈ ನೋಡಿ ಸರದು ಕುಂತ್ಲು. ಸರೀಲಿ ಅಂತ ಕಿಡಕಿ ಬಾಜೂನ ಕುಂತೆ, ಹೊಲ ಎಲ್ಲಾ ಕಂಡ್ವು."

ಅಷ್ಟರಲ್ಲಿ ದೇವಾಲಯದಿಂದ ಬರುತ್ತಿದ್ದ ನಾಲ್ಕಾರು ಜನ ಯಾರೆಂದು ನೋಡಲು ನಿಂತರು. ಸಲೋಮಿ ಮಲ್ಲಕ್ಕನ ಸೊಟ್ಟ ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದು, ಶಾಲೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಹೇಳಿದಳು:

"ಎರಿಹಾಳದ ಮಲ್ಲಕ್ಕ. ಕೌದಿ ಹೊಲಿಯೂದರಾಗ ಇಡೀ ತಾಲೂಕಿನ್ಯಾಗ ಇವರ ಸರಿ ಯಾರೂ ಇಲ್ಲ."

ಆಮೇಲೆ ಒಳಗೆ ಹೋಗಿ ಒಲೆಗೆ ಬೆಂಕಿ ಹಾಕಿದಳು. ಮಲ್ಲಕ್ಕ ಹಿಟ್ಟು ನಾದಲು ಬರುತ್ತೇನೆಂದಳು. ಸಲೋಮಿ ಸರಿದು ಜಾಗ ಕೊಟ್ಟಳು.