ಆರ್ವಿಡ್ ಕಳೆಯುತ್ತಿದ್ದ ಒಂದಿಂಚು

ಆರ್ವಿಡ್ ಟಾಲ್‌ಬರ್ಗ್ ತನ್ನ ಅಳತೆ ಟೇಪನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಹೆಂಡತಿ ಇಂಗ್ರಿಡ್ ಪರದೆ ಬಟ್ಟೆ ಅಳೆಯಲು ಕೇಳಿದ್ದಕ್ಕೆ ಅಂಗಡಿಗೆ ಹೋಗಿ ಅವಳಿಗೇ ಬೇರೆಯದು ತಂದುಕೊಟ್ಟನಂತೆ. ಡುಲೂತ್‌ನಲ್ಲಿ ಬಾಗಿಲು ಕಿಟಕಿಗೆ ಮರದ ಪಟ್ಟಿ ಕೂರಿಸುವ ನಮ್ಮಂಥ ಬಡಗಿಗಳಲ್ಲಿ ಒಂದೇ ಟೇಪನ್ನು ಹದಿನೇಳು ವರ್ಷ ಇಟ್ಟುಕೊಂಡವನು ಇವನೊಬ್ಬನೇ. ನಾನು ವರ್ಷಕ್ಕೆ ಎರಡು ಹಾಳುಮಾಡುತ್ತಿದ್ದೆ.

"ನೀನು ಟೇಪು ಬಳಸಲ್ಲ ಕಣೋ ಡೆನಿಸ್, ಅದನ್ನ ಹೊಡೀತೀಯ," ಅನ್ನುತ್ತಿದ್ದ. ಎಳೆದದ್ದನ್ನು ಪಟಾರನೆ ಒಳಗೆ ಬಿಟ್ಟರೆ ಅವನಿಗೆ ಮೈ ಉರಿಯುತ್ತಿತ್ತು. ಹೆಬ್ಬೆರಳಲ್ಲಿ ತಡೆದು ಮೆಲ್ಲಗೆ ಬಿಡಬೇಕು, ಇಲ್ಲವಾದರೆ ತುದಿಯ ಕೊಕ್ಕೆ ಬಡಿದು ಬಡಿದು ಬಾಗುತ್ತದೆ. ನೆನೆದರೆ ಪೂರ್ತಿ ಎಳೆದು ಒರೆಸಬೇಕು. ಇಷ್ಟು ಜೋಪಾನ ಮಾಡಿಯೂ ಮುಖ್ಯ ಅಳತೆಗೆ ಅವನು ಕೊಕ್ಕೆಯನ್ನು ನಂಬುತ್ತಿರಲಿಲ್ಲ. ಅಂಚಿಗೆ ಒಂದನೇ ಇಂಚಿನ ಗೆರೆ ಹಿಡಿದು ಅಳೆದು, ಬಂದದ್ದರಲ್ಲಿ ಒಂದಿಂಚು ಕಳೆದು ಕೂಗುತ್ತಿದ್ದ. ಗರಗಸದ ಬಳಿ ನಿಂತ ನಾನು ಅಷ್ಟಕ್ಕೆ ಕೊಯ್ಯುತ್ತಿದ್ದೆ. ಕಳೆಯುವುದು ಅಳೆದವನ ಕೆಲಸ, ಕೊಯ್ಯುವವನು ಅದಕ್ಕೆ ತಲೆ ಹಾಕಬಾರದು. ನಮ್ಮ ಕಸುಬಿನಲ್ಲಿ ಇದು ಕಟ್ಟುಪಾಡು.

ಅವನಿಗೆ ಅರವತ್ತೊಂಬತ್ತಾದ ವರ್ಷ, ಏಪ್ರಿಲ್‌ನಲ್ಲಿ, ಒಂದು ಪಟ್ಟಿ ಬೇಕಾದ್ದಕ್ಕಿಂತ ಸರಿಯಾಗಿ ಒಂದಿಂಚು ಉದ್ದ ಬಂತು.

"ವಯಸ್ಸಾಯ್ತು ಮುದುಕಾ," ಅಂದೆ.

"ನಿನ್ನ ಕಿವಿಗೆ ಆಗಿರೋದು," ಅಂದ. ಇಬ್ಬರೂ ನಕ್ಕೆವು.

ಅದೇ ವಾರ ಮತ್ತೆರಡು ಉದ್ದ ಬಂದವು. ಮೂರನೆಯದಕ್ಕೆ ಅವನು ನಗಲಿಲ್ಲ, ಮಧ್ಯಾಹ್ನ ಸ್ಯಾಂಡ್‌ವಿಚ್ಚಿನ ಪೊಟ್ಟಣವನ್ನೂ ಬಿಚ್ಚಲಿಲ್ಲ. ಇಂಗ್ರಿಡ್ ತೀರಿಕೊಂಡ ಮೇಲೆ ಅವನಿಗೆ ಉಳಿದಿದ್ದು ಈ ಕೆಲಸವೊಂದೇ. ಅಳತೆ ಕೈಕೊಡುತ್ತಿದೆ ಎಂದು ಅನ್ನಿಸಿದರೆ ಮರುದಿನವೇ ಬಿಟ್ಟುಬಿಡುವ ಜಾತಿ ಅವನದು. ಬಿಟ್ಟು ಆ ಮನೆಯಲ್ಲಿ ಒಬ್ಬನೇ ಕೂತರೆ ಏನಾಗುತ್ತಾನೋ ಎಂದು ನನಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ನಾನೊಂದು ಗಮನಿಸಿದ್ದೆ. ನೆನಪಿದ್ದಾಗ ಅವನು ಕೂಗುವ ಮೊದಲು ಅರೆಕ್ಷಣ ತಡೆಯುತ್ತಿದ್ದ, ಮನಸ್ಸಿನಲ್ಲಿ ಒಂದಿಂಚು ಕಳೆಯಲು. ಮರೆತಾಗ ತಟ್ಟನೆ ಕೂಗುತ್ತಿದ್ದ. ಹಾಗೆ ತಟ್ಟನೆ ಕೂಗಿದ್ದರಲ್ಲಿ ಒಂದಿಂಚನ್ನು ನಾನೇ ಕಳೆದು ಕೊಯ್ಯತೊಡಗಿದೆ. ಪಟ್ಟಿಗಳು ಸರಿಯಾಗಿ ಕೂತವು. ಅವನ ಮುಖ ಗೆಲುವಾಯಿತು. "ಕನ್ನಡಕ ಬದಲಾಯಿಸಿದ್ದೇ ಸರಿಹೋಯ್ತು ನೋಡು," ಅಂದ. ಹೌದೆಂದೆ. ಎಷ್ಟು ಸಲೀಸಾಗಿ ಅಂದೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನವೆಂಬರ್‌ನಲ್ಲಿ ಒಂದು ಮನೆಯ ಅಗ್ಗಿಷ್ಟಿಕೆಯ ಮೇಲೆ ಹಲಗೆ ಕೂರಿಸುವ ಕೆಲಸ ಬಂತು. ಅವರದೇ ಅಂಗಳದಲ್ಲಿ ಗಾಳಿಗೆ ಬಿದ್ದ ಮೇಪಲ್ ಮರದ ಹಲಗೆ, ಅಷ್ಟು ಉದ್ದದ್ದು ಅದೊಂದೇ. ನಾನು ಅದನ್ನು ಗಾಡಿಯಿಂದ ಇಳಿಸಿ ತರುವುದರೊಳಗೆ ಆರ್ವಿಡ್ ಜಾಗ ಅಳೆದಿದ್ದ. ನನ್ನನ್ನು ಕಂಡವನೇ "ಎಪ್ಪತ್ತೆರಡೂವರೆ" ಎಂದು ತಟ್ಟನೆ ಕೂಗಿದ. ಎಂದಿನಂತೆ ಒಂದು ಕಳೆದು ಕೊಯ್ದೆ. ನಾನು ಬರುವ ಮೊದಲೇ ಅವನು ನಿಧಾನವಾಗಿ ಕಳೆದು ಮುಗಿಸಿದ್ದಾನೆಂದು ನನಗೆ ಹೊಳೆಯಲೇ ಇಲ್ಲ.

ಹಲಗೆ ಇಟ್ಟು ನೋಡಿದರೆ ಅಗ್ಗಿಷ್ಟಿಕೆಯ ಕಲ್ಲು ಒಂದು ಪಕ್ಕ ಒಂದಿಂಚು ಮುಚ್ಚದೆ ಉಳಿಯಿತು. ಅವನು ಹಲಗೆಯನ್ನು ಅಳೆದ.

"ಇದು ಎಪ್ಪತ್ತೊಂದೂವರೆ. ನಾನು ಎಷ್ಟು ಅಂದೆ?"

"ನನ್ನ ತಪ್ಪು. ಕೈ ಜಾರ್ತು."

"ಪೂರಾ ಒಂದಿಂಚು ಯಾರ ಕೈಯೂ ಜಾರಲ್ಲ." ಟೇಪನ್ನು ಮೆಲ್ಲಗೆ ಒಳಗೆ ಬಿಟ್ಟ. "ಯಾವತ್ತಿಂದ ಕಳೀತಿದ್ದೀಯ?"

"ಏಪ್ರಿಲ್‌ನಿಂದ."

ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನೆಲದ ಮೇಲೆ ಕೂತು ಒಂದೊಂದೇ ಕೆಲಸ ಕೇಳತೊಡಗಿದ.

"ಗ್ರಂಥಾಲಯದ ಬಾಗಿಲು?"

"ಎರಡು ಪಟ್ಟಿ."

"ಡಾಕ್ಟರ ಮನೇದು?"

"ಆರೋ ಏಳೋ."

ಅವನು ಹಿಂದೆ ಮದುವೆಯಾಗಿದ್ದ ಚರ್ಚಿಗೇ ಆಗಸ್ಟ್‌ನಲ್ಲಿ ಹನ್ನೊಂದು ಕಿಟಕಿ ಮಾಡಿಕೊಟ್ಟಿದ್ದೆವು. ಅದನ್ನು ಅವನು ಕೊನೆಗೆ ಉಳಿಸಿಕೊಂಡಿದ್ದ.

"ಚರ್ಚಿನ ಕಿಟಕಿಗಳು?"

"ಅದರಲ್ಲಿ ಒಂದಕ್ಕೂ ನಾನು ಕಳೆದಿಲ್ಲ ಆರ್ವಿಡ್. ಹನ್ನೊಂದೂ ನಿಂದೇ."

ಅವನು ನನ್ನ ಮುಖವನ್ನು ಓದುವವನಂತೆ ನೋಡಿದ. "ಕಳೆದಿದ್ದರೂ ಇದನ್ನೇ ಹೇಳ್ತಿದ್ದೆ ನೀನು," ಅಂದ.

ಅದು ಮಾತ್ರ ದೇವರಾಣೆಗೂ ನಿಜ. ಆದರೆ ಅವನನ್ನು ನಂಬಿಸುವ ದಾರಿಯನ್ನು ನಾನೇ ಏಳು ತಿಂಗಳು ಕೂತು ಮುಚ್ಚಿದ್ದೆ.